ಗಾಜಿನ ತಟ್ಟೆಯಲ್ಲಿ ಮಗಳ ಕರುಳು

ನನ್ನ ಮಗಳ ಕರುಳನ್ನು ನಾನು ಕಣ್ಣಾರೆ ನೋಡಿದಾಗ ಅವಳು ಪಕ್ಕದ ಕುರ್ಚಿಯಲ್ಲಿ ಅಜ್ಜಿಯ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದಳು. ಬಾಯಿ ಅರ್ಧ ತೆರೆದಿತ್ತು. ಕಾಲಿನ ಗೆಜ್ಜೆ ಅಜ್ಜಿಯ ಸೀರೆಗೆ ಸಿಕ್ಕಿಕೊಂಡಿತ್ತು. ನಾನು ಬಗ್ಗಿ ನೋಡುತ್ತಿದ್ದ ಸೂಕ್ಷ್ಮದರ್ಶಕದ ಕೆಳಗೆ ಅವಳದೇ ಕರುಳು ಜೀವಂತವಾಗಿತ್ತು. ಆ ಎರಡನ್ನೂ ಒಟ್ಟಿಗೆ ನಂಬಲು ನನ್ನ ತಲೆ ಒಪ್ಪಲಿಲ್ಲ. ಇಷ್ಟು ವರ್ಷಗಳಾದ ಮೇಲೂ ಪೂರ್ತಿ ಒಪ್ಪಿದೆ ಎಂದು ಹೇಳಲಾರೆ.

ಅಲ್ಲಿಗೆ ನಾವು ಹೇಗೆ ತಲುಪಿದೆವು ಎನ್ನುವುದನ್ನು ಮೊದಲಿನಿಂದ ಹೇಳಬೇಕು.

ನಾನು ಹುಟ್ಟಿದ್ದು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಯಲ್ದೂರಿನ ಪಕ್ಕದ ಒಂದು ಊರಿನಲ್ಲಿ. ಕೋಲಾರದಲ್ಲಿ ಬಿ.ಎಸ್‌ಸಿ. ಮುಗಿಸಿದ ಮೇಲೆ ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಹಳ್ಳಿಗೆ ಮದುವೆಯಾಗಿ ಹೋದೆ. ಹೋದೆ ಅನ್ನುವುದೂ ಸರಿಯಲ್ಲ. ಅದು ಅಮ್ಮನ ತವರು, ನಾನು ಬೇಸಿಗೆ ರಜೆಗಳನ್ನೆಲ್ಲ ಕಳೆದ ಮನೆ. ಗಂಡ ನನ್ನ ಸೋದರಮಾವ, ಅಮ್ಮನ ತಮ್ಮ. ಅತ್ತೆ ನನ್ನ ಸ್ವಂತ ಅಜ್ಜಿ. ಮದುವೆಯಾದ ಮೇಲೂ ನಾನು ಅವರನ್ನು ಅಜ್ಜಿ ಎಂದೇ ಕರೆದೆ, ಗಂಡನನ್ನು ಮಾವ ಎಂದೇ ಕರೆದೆ. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ. ಹೆಣ್ಣುಮಕ್ಕಳು ಗೊತ್ತಿಲ್ಲದ ಮನೆ ಸೇರಿ ಕಣ್ಣೀರು ಹಾಕಬಾರದು ಎನ್ನುವುದು ಅಜ್ಜಿಯ ಆಸೆ. ನನಗೂ ಅದೇ ಬೇಕಾಗಿತ್ತು. ನನ್ನ ತಂಗಿಗೂ ಮಾವನ ತಮ್ಮನಿಗೂ ಮುಂದೆ ಮದುವೆ ಎಂದು ಆಗಲೇ ಮಾತಾಗಿತ್ತು. ಅವನನ್ನು ನಾವು ಚಿಕ್ಕಮಾವ ಎನ್ನುತ್ತಿದ್ದೆವು.

ನನಗೆ ಮೊದಲು ಹುಟ್ಟಿದ್ದು ಗಂಡು ಮಗು. ಹುಟ್ಟುವಾಗ ದುಂಡಗಿದ್ದ. ಹಾಲು ಕುಡಿಯಲು ಅವನಿಗೆ ಎಲ್ಲಿಲ್ಲದ ಆತುರ. ಎಷ್ಟು ಕುಡಿದರೂ ಸಾಲದು, ಮತ್ತೆ ಬಾಯಿ ತೆರೆಯುತ್ತಿದ್ದ. ಹಾಸಿದ ಬಟ್ಟೆ ಮತ್ತೆ ಮತ್ತೆ ಒದ್ದೆಯಾಗುತ್ತಿತ್ತು. "ಮೂತ್ರ ಚೆನ್ನಾಗಿ ಹೋಗ್ತೈತೆ, ಹಾಲು ಮೈಗೆ ಹತ್ತುತಾ ಐತೆ," ಎಂದು ಅಜ್ಜಿ ಸಂತೋಷಪಡುತ್ತಿದ್ದರು. ಆದರೆ ಮಗು ಇಳಿಯುತ್ತಾ ಹೋಯಿತು. ನೆತ್ತಿ ಗುಳಿ ಬಿತ್ತು. ಮೈ ಕಾದ ಹೆಂಚಿನ ಹಾಗೆ ಸುಡತೊಡಗಿತು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲೂ ಅವನು ನನ್ನ ಎದೆಗೆ ಬಾಯಿ ಹಾಕಿ ಹಾಲು ಎಳೆಯುತ್ತಲೇ ಇದ್ದ. ಎರಡು ವಾರವೂ ತುಂಬಿರಲಿಲ್ಲ. ಜ್ವರ ತಲೆಗೇರಿತು ಎಂದರು ಕೆಲವರು. ಬಾಲಗ್ರಹ ಎಂದರು ಕೆಲವರು. ಮಾವ ಟೊಮೆಟೊ ತೋಟದ ಅಂಚಿನಲ್ಲಿ ಅವನನ್ನು ಮಣ್ಣು ಮಾಡಿ ಬಂದು ಹಸುಗಳಿಗೆ ನೀರು ಕುಡಿಸಿದರು.

ಎರಡನೆಯವಳು ಹುಟ್ಟಿದ ಮೂರನೆಯ ದಿನಕ್ಕೇ ಬಟ್ಟೆ ಒದ್ದೆಯಾಗುವುದು ಶುರುವಾಯಿತು.

ಈ ಸಲ ನಾವು ಕಾಯಲಿಲ್ಲ. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಹಾಲು ನಿಲ್ಲಿಸಿ ಡ್ರಿಪ್ ಹಾಕಿದರು. ಒಂದೇ ದಿನದಲ್ಲಿ ಮಗು ಚೇತರಿಸಿಕೊಂಡಿತು. ಸರಿ, ಇನ್ನು ಬಾಯಿಗೆ ಕೊಡಿ ಎಂದು ಓಆರ್‌ಎಸ್ ನೀರು ಬರೆದುಕೊಟ್ಟರು. ಭೇದಿಯಾದ ಮಗುವಿಗೆ ಊರೆಲ್ಲ ಕೊಡುವುದು ಅದನ್ನೇ ತಾನೆ. ನಾನು ಚಮಚದಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದೆ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ನೀರು, ನೀರು. ಮತ್ತೆ ಡ್ರಿಪ್, ಮತ್ತೆ ಚೇತರಿಕೆ. ಮತ್ತೆ ನನ್ನ ಹಾಲು, ಮತ್ತೆ ನೀರು. ಕೊನೆಗೆ ಅಲ್ಲಿನ ಡಾಕ್ಟರು, "ಇದು ನಮ್ಮ ಕೈಯಲ್ಲಿ ಆಗೋದಲ್ಲ, ಬೆಂಗಳೂರಿಗೆ ಹೋಗ್ಬಿಡಿ," ಎಂದರು. ಆಂಬುಲೆನ್ಸ್ ಹೆದ್ದಾರಿಯಲ್ಲಿ ಓಡುತ್ತಿದ್ದಾಗ ಮಾವ ನನ್ನ ಕೈ ಹಿಡಿದುಕೊಂಡೇ ಇದ್ದರು. ಅಜ್ಜಿ ಮಾತ್ರ ಮಗುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ತೆಲುಗಿನಲ್ಲಿ ಏನೋ ಗೊಣಗುತ್ತಿದ್ದರು. ದೇವರನ್ನು ಬೇಡುತ್ತಿದ್ದರೋ ಬೈಯುತ್ತಿದ್ದರೋ ಗೊತ್ತಾಗಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗುವನ್ನು ನೋಡಿದ್ದು ಮಕ್ಕಳ ಹೊಟ್ಟೆಯ ಕಾಯಿಲೆಗಳ ಡಾಕ್ಟರಮ್ಮ. ಬಟ್ಟೆ ಬಿಚ್ಚಿ ನೋಡಿದರು, ಮೂಸಿ ನೋಡಿದರು.

"ಇದು ಮೂತ್ರ ಅಂತ ಯಾರು ಹೇಳಿದ್ದು?"

ಅವರು ಮಗುವಿಗೆ ಮೂತ್ರ ಹಿಡಿಯುವ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಅಂಟಿಸಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕೆಳಗಿನ ಬಟ್ಟೆ ಪೂರ್ತಿ ನೆನೆದಿತ್ತು, ಚೀಲ ಖಾಲಿಯಾಗಿಯೇ ಇತ್ತು. "ನೋಡಿ, ಇದೆಲ್ಲ ಭೇದಿ. ನೀರಿನ ಹಾಗೇ ಇರೋದ್ರಿಂದ ಮೂತ್ರ ಅಂದ್ಕೊಂಡಿದ್ದೀರಿ. ನಿಜವಾಗಿ ಮಗು ಮೂತ್ರ ಮಾಡೇ ಎಷ್ಟೋ ಹೊತ್ತಾಗಿದೆ."

ಅಜ್ಜಿ ಗೋಡೆಗೆ ಒರಗಿ ನಿಂತುಬಿಟ್ಟರು. ಮೊದಲ ಮಗುವಿನ ಒದ್ದೆ ಬಟ್ಟೆಗಳನ್ನು ಒಗೆದು ಹರವಿದ್ದು ಅವರ ಕೈಗಳೇ.

ಮುಂದಿನ ಕೆಲವು ದಿನ ಡಾಕ್ಟರಮ್ಮ ಒಂದೊಂದನ್ನೇ ಕೊಟ್ಟು ನೋಡಿದರು. ಬರೀ ನೀರು ಕೊಟ್ಟರೆ ಭೇದಿ ಇಲ್ಲ. ಗ್ಲೂಕೋಸ್ ಬೆರೆಸಿದ ನೀರು ಕೊಟ್ಟರೆ ಭೇದಿ. ನನ್ನ ಹಾಲು ಕೊಟ್ಟರೆ ಭೇದಿ. ಹಣ್ಣಿನ ಸಕ್ಕರೆ, ಅಂದರೆ ಫ್ರಕ್ಟೋಸ್ ಬೆರೆಸಿ ಕೊಟ್ಟರೆ ಮಗು ಕುಡಿದು ತೇಗಿ ನಿದ್ದೆ ಹೋಯಿತು. ಆವತ್ತು ನನ್ನನ್ನು ಕೂರಿಸಿಕೊಂಡು ಹೇಳಿದರು.

"ಇನ್ನು ಎದೆಹಾಲು ಬೇಡಮ್ಮ. ಒಂದು ಹನಿಯೂ ಬೇಡ."

"ನನ್ನ ಹಾಲು ಕೆಟ್ಟಿದೆಯಾ ಮೇಡಂ?"

"ನಿಮ್ಮ ಹಾಲು ಚೆನ್ನಾಗೇ ಇದೆ. ಅದರಲ್ಲಿರೋ ಸಕ್ಕರೆನ ಒಳಕ್ಕೆ ಎಳ್ಕೊಳ್ಳೋ ಬಾಗಿಲು ನಿಮ್ಮ ಮಗು ಕರುಳಲ್ಲಿ ಕೆಲಸ ಮಾಡ್ತಿಲ್ಲ. ಒಳಗೆ ಹೋಗದ ಸಕ್ಕರೆ ಮೈಯಲ್ಲಿರೋ ನೀರನ್ನೆಲ್ಲ ಕರುಳಿಗೆ ಸೆಳೆದು ಹೊರಗೆ ಹಾಕುತ್ತೆ. ಹಾಲು ಕುಡಿದಷ್ಟೂ ಮಗು ಒಣಗುತ್ತೆ. ಒಣಗಿದಷ್ಟೂ ಬಾಯಾರಿ ಇನ್ನೂ ಕುಡಿಯುತ್ತೆ. ತುಂಬ ಅಪರೂಪದ ಕಾಯಿಲೆ ಇದು."

ಅವರು ಮುಂದೆಯೂ ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಆಂಬುಲೆನ್ಸ್ ಕೂಡ ಇಲ್ಲದೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಎದೆಗೆ ಬಾಯಿ ಹಾಕಿ ಎಳೆಯುತ್ತಿದ್ದ ಆ ಗಂಡು ಮಗುವಿನ ತುಟಿಗಳಷ್ಟೇ ಕಾಣಿಸಿದವು. ಅವನಿಗೆ ಕುಡಿಸಿದೆನಲ್ಲ ಎಂದು ನಾನು ಎಷ್ಟೋ ದಿನ ಸಮಾಧಾನಪಟ್ಟುಕೊಂಡಿದ್ದೆ. ಹಸಿದು ಹೋಗಲಿಲ್ಲವಲ್ಲ ಎಂದುಕೊಂಡಿದ್ದೆ.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗಲ್ಲ, ಅಜ್ಜಿಗೆ ತಗಲಿತು.

"ನಿಮ್ಮ ಯಜಮಾನ್ರು ಮದುವೆಗೆ ಮುಂಚೆ ನಿಮಗೇನಾಗ್ಬೇಕಿತ್ತು?"

"ಸೋದರಮಾವ."

ಅವರು ತಲೆಯಾಡಿಸಿದರು. ಬೈಯಲಿಲ್ಲ. ಒಂದೇ ಮನೆತನದ ರಕ್ತದಲ್ಲಿ ಬಚ್ಚಿಟ್ಟುಕೊಂಡು ಬರುವ ಒಂದು ದೋಷ ತಾಯಿ ತಂದೆ ಇಬ್ಬರಿಂದಲೂ ಮಗುವಿಗೆ ಬಂದಾಗ ಹೀಗಾಗುತ್ತದೆ, ಒಬ್ಬರಿಂದ ಮಾತ್ರ ಬಂದರೆ ಏನೂ ಆಗುವುದಿಲ್ಲ ಎಂದು ನಿಧಾನವಾಗಿ ವಿವರಿಸಿದರು. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳಿಸಿಕೊಂಡರು. ಆವತ್ತು ಊಟ ಮಾಡಲಿಲ್ಲ.

ಮಗುವಿನ ಕರುಳು ಹೇಗಿದೆ ಎಂದು ನೋಡಲು ಬಾಯಿಯಿಂದ ತೆಳ್ಳನೆಯ ನಳಿಗೆ ಇಳಿಸಿ ಎಳ್ಳಿನಷ್ಟು ಚೂರುಗಳನ್ನು ತೆಗೆಯಬೇಕಾಗಿತ್ತು. ಹೇಗೂ ತೆಗೆಯುತ್ತೇವೆ, ಒಂದೆರಡು ಚೂರು ಹೆಚ್ಚಿಗೆ ತೆಗೆದು ಸಂಶೋಧನೆಗೆ ಕೊಡಬಹುದಾ ಎಂದು ಡಾಕ್ಟರಮ್ಮ ಕೇಳಿದರು. ಆ ಚೂರುಗಳಿಂದ ಕರುಳನ್ನು ಹೊರಗೆ ಬೆಳೆಸಿ ನೋಡುತ್ತಾರೆ ಎಂದರು. ನಾವು ಒಪ್ಪಿದೆವು. ಬೆಳೆಸುವುದು ಎಂದರೇನು ಎಂದು ನಾನು ಆಗ ಯೋಚಿಸಲೂ ಇಲ್ಲ. ಮಗು ಉಳಿದಿತ್ತು, ಅಷ್ಟೇ ಸಾಕಾಗಿತ್ತು.

ಮನೆಗೆ ಬಂದ ಮೇಲಿನ ಬದುಕೇ ಬೇರೆಯಾಯಿತು. ಸಕ್ಕರೆಯಿಲ್ಲದ ವಿಶೇಷ ಹಾಲಿನ ಪುಡಿಗೆ ಹಣ್ಣಿನ ಸಕ್ಕರೆ ಬೆರೆಸಿ ಕೊಡಬೇಕು. ದೊಡ್ಡವಳಾಗುತ್ತಾ ಬಂದಂತೆ ಮೊಟ್ಟೆ, ಮಾಂಸ, ಸೊಪ್ಪು. ಹಸುವಿನ ಹಾಲು ಕೂಡದು, ಅನ್ನ ಕೂಡದು, ರಾಗಿ ಕೂಡದು, ಮಾವಿನಹಣ್ಣು ಕೂಡದು. ಹಟ್ಟಿಯಲ್ಲಿ ಹಸು, ಕಣಜದಲ್ಲಿ ರಾಗಿ, ತವರಿನಲ್ಲಿ ಮಾವಿನ ತೋಪು ಇರುವ ಮನೆಯ ಮಗು ಅವಳು. ನೋಡಲು ಬಂದ ನೆಂಟರು ಪ್ರೀತಿಯಿಂದ ಬೆರಳಲ್ಲಿ ಬೆಲ್ಲ ನೆಕ್ಕಿಸಿಬಿಡುತ್ತಾರೆ ಎಂದು ಅಜ್ಜಿ ಅವಳನ್ನು ಕಂಕುಳಿನಿಂದ ಇಳಿಸುತ್ತಲೇ ಇರಲಿಲ್ಲ.

ಒಂದೂವರೆ ವರ್ಷ ತುಂಬಿದ ಮೇಲೆ ತಪಾಸಣೆಗೆ ಹೋದಾಗ ಡಾಕ್ಟರಮ್ಮ, "ನಿಮ್ಮ ಮಗಳ ಕರುಳು ಚೆನ್ನಾಗಿ ಬೆಳೆದಿದೆಯಂತೆ, ನೋಡ್ತೀರಾ?" ಎಂದರು. ಅವಳ ಹೊಟ್ಟೆಯೊಳಗಿನ ಕರುಳಿನ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ. ನಗರದ ಇನ್ನೊಂದು ಮೂಲೆಯ ಪ್ರಯೋಗಾಲಯದಲ್ಲಿ ಬೆಳೆದಿದ್ದರ ಬಗ್ಗೆ.

ಮಾವ ಟೊಮೆಟೊ ಮಾರುಕಟ್ಟೆಗೆ ಹೋಗಲೇಬೇಕಾಗಿದ್ದ ದಿನ ಅದು. ನಾನು, ಅಜ್ಜಿ, ಮಗು ಹೋದೆವು. ಅಲ್ಲಿದ್ದ ಸಂಶೋಧಕಿ ನನಗಿಂತ ಚಿಕ್ಕವಳು. ನನ್ನ ಮಾತು ಕೇಳುತ್ತಿದ್ದಂತೆಯೇ ನಕ್ಕಳು. "ನಾನೂ ಆ ಕಡೆಯವಳೇ ಅಕ್ಕ, ಮಾಲೂರು." ಅಷ್ಟು ಹೊತ್ತು ಬಿಗಿದುಕೊಂಡಿದ್ದ ಅಜ್ಜಿ, ಮಾಲೂರಿನಲ್ಲಿ ಯಾವ ಬೀದಿ, ಯಾರ ಪೈಕಿ ಎಂದು ವಿಚಾರಣೆ ಶುರು ಮಾಡಿದರು.

ಅವಳು ಮೈಯಷ್ಟೇ ಬೆಚ್ಚಗಿರುವ ಒಂದು ಪೆಟ್ಟಿಗೆಯಿಂದ ಗಾಜಿನಂಥ ತಟ್ಟೆಯನ್ನು ತೆಗೆದಳು. ಅದರಲ್ಲಿ ನಸುಗೆಂಪು ನೀರು, ನೀರಿನಲ್ಲಿ ಮುತ್ತಿನಷ್ಟು ಲೋಳೆಯ ಹನಿಗಳು. ಹನಿಗಳೊಳಗೆ ಬರಿಗಣ್ಣಿಗೆ ಧೂಳು ಬಿದ್ದ ಹಾಗೆ ಕಾಣುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಧೂಳಲ್ಲ. ಒಳಗೆ ಟೊಳ್ಳಾದ ಪುಟ್ಟ ಪುಟ್ಟ ಗುಂಡುಗಳು. ಕೆಲವು ನುಣ್ಣಗೆ, ಕೆಲವಕ್ಕೆ ಸುತ್ತಲೂ ಮೊಳಕೆಯೊಡೆದ ಹಾಗೆ ಬೆರಳುಗಳು. ಡಿಗ್ರಿಯ ಪುಸ್ತಕದಲ್ಲಿ ಕರುಳಿನ ಒಳಗೋಡೆಯ ಚಿತ್ರ ಬರೆದು ಅಂಕ ತೆಗೆದುಕೊಂಡವಳು ನಾನು. ಆ ಚಿತ್ರ ಹೀಗೆ ಎದ್ದು ಬಂದು ಉಸಿರಾಡುತ್ತದೆ ಎಂದು ಯಾರು ಎಣಿಸಿದ್ದರು?

"ಕರುಳಿನ ಒಳಪದರದಲ್ಲಿ ಕಾಂಡಕೋಶ ಅಂತ ಇರುತ್ತೆ ಅಕ್ಕ. ಹಳೇದು ಸವೆದ ಹಾಗೆಲ್ಲ ಅವು ಹೊಸದನ್ನ ಮಾಡ್ತಾನೇ ಇರ್ತವೆ. ನಿಮ್ಮ ಪಾಪುದು ಆ ಕೋಶಗಳನ್ನ ತೆಗೆದು, ಬೇಕಾದ ಆಹಾರ ಕೊಟ್ವಿ. ಅವೇ ಸೇರ್ಕೊಂಡು ಕರುಳು ಕಟ್ಕೊಂಡ್ವು. ನಾವು ಹೇಳಿಕೊಟ್ಟಿದ್ದಲ್ಲ."

ಅವಳು ಪರದೆಯ ಮೇಲೆ ಹಲವು ಗಂಟೆಗಳ ಚಿತ್ರವನ್ನು ಕ್ಷಣಗಳಿಗೆ ಇಳಿಸಿ ತೋರಿಸಿದಳು. ಗುಂಡುಗಳು ಉಬ್ಬುತ್ತಿದ್ದವು, ಕುಸಿಯುತ್ತಿದ್ದವು, ಕುಡಿಯೊಡೆಯುತ್ತಿದ್ದವು. ತಿರುಗಿ ನೋಡಿದರೆ ಮಗಳು ನಿದ್ದೆಯಲ್ಲಿ ತುಟಿ ಚಪ್ಪರಿಸುತ್ತಿದ್ದಳು.

ಅಜ್ಜಿ ಮಗುವನ್ನು ನನಗೆ ಕೊಟ್ಟು ತಾವೂ ಬಗ್ಗಿದರು. ಬಹಳ ಹೊತ್ತು ನೋಡಿದರು.

"ದೇವುಡಾ... ಇದು ನಮ್ ಪಾಪಂದಾ?"

"ಹೂಂ ಅಜ್ಜಿ."

"ಇದಕ್ಕೆ ನೋವಾಗಲ್ವೇನಮ್ಮಾ?"

"ಇಲ್ಲ ಅಜ್ಜಿ. ನೋವು ಗೊತ್ತಾಗೋಕೆ ನರ ಬೇಕು, ಮೆದುಳು ಬೇಕು. ಅದೇನೂ ಇಲ್ಲಿಲ್ಲ."

"ಊಟ ಯಾರು ಹಾಕ್ತಾರೆ ಇದಕ್ಕೆ?"

"ನಾನೇ ಹಾಕ್ತೀನಿ. ಭಾನುವಾರವೂ ಬರ್ತೀನಿ."

ಅಜ್ಜಿ ಅವಳ ಕೆನ್ನೆ ಸವರಿದರು. ಇದ್ದಕ್ಕಿದ್ದ ಹಾಗೆ ಆ ಹುಡುಗಿಯ ಕಣ್ಣು ತುಂಬಿಕೊಂಡಿತು.

ಆಮೇಲೆ ಅವಳು ನಿಜವಾದ ಪರೀಕ್ಷೆ ತೋರಿಸಿದಳು. ದಿಂಬಿನ ಗವಸನ್ನು ತಿರುವಿ ಹಾಕುವಂತೆ ಈ ಗುಂಡುಗಳ ಒಳಮೈಯನ್ನು ಹೊರಗೆ ಬರುವ ಹಾಗೆ ತಿರುವಿ ಬೆಳೆಸಿದ್ದರಂತೆ. ಸಕ್ಕರೆ ಕೋಶದೊಳಗೆ ಬಂದರೆ ಬೆಳಗುವಂಥ ಗುರುತನ್ನೂ ಇಟ್ಟಿದ್ದರು. ಎರಡು ತಟ್ಟೆ. ಒಂದು ನನ್ನ ಮಗಳದು, ಇನ್ನೊಂದು ಈ ದೋಷವಿಲ್ಲದ ಬೇರೊಂದು ಮಗುವಿನದು. ಎರಡಕ್ಕೂ ಗ್ಲೂಕೋಸ್ ಬಿಟ್ಟಳು. ಆ ಮಗುವಿನ ತಟ್ಟೆ ಪರದೆಯ ಮೇಲೆ ನಿಧಾನವಾಗಿ ಹಸಿರಾಗಿ ಬೆಳಗಿತು. ಒಂದೊಂದು ಗುಂಡೂ ದೀಪದ ಹಾಗೆ. ನನ್ನ ಮಗಳದು ಕತ್ತಲಾಗಿಯೇ ಉಳಿಯಿತು. ಕಾದೆವು. ಕತ್ತಲೇ.

ಅಷ್ಟು ದಿನ ಕೇಳಿದ್ದೆಲ್ಲ ಮಾತಾಗಿತ್ತು. ಈಗ ಕಂಡಿತು. ನನ್ನ ಹಾಲು ಆ ಕತ್ತಲೆಗೆ ಬಡಿದು ವಾಪಸು ಬಂದಿದ್ದು ನನಗೆ ಕಂಡಿತು.

"ಬಾಗಿಲು ತಯಾರಾಗ್ತಿದೆ ಅಕ್ಕ, ಆದ್ರೆ ಕೋಶದ ಅಂಚಿಗೆ ಬರ್ತಿಲ್ಲ, ಒಳಗೇ ಸಿಕ್ಕಿ ಹಾಕ್ಕೊಂಡಿದೆ. ಅದನ್ನ ಹೊರಗೆ ತರೋ ಔಷಧಿ ಏನಾದ್ರೂ ಇದೆಯಾ ಅಂತ ಇದರ ಮೇಲೆ ನೋಡಬಹುದು. ಪಾಪು ಮೇಲೆ ಹಾಗೆ ನೋಡೋಕಾಗಲ್ಲ ಅಲ್ವಾ?"

ನಾನು ಬೆಳಗುತ್ತಿದ್ದ ತಟ್ಟೆಯನ್ನು ತೋರಿಸಿ ಕೇಳಿದೆ. "ಇದು ಯಾರ ಮಗು?"

"ಹೆಸರು ನನಗೂ ಗೊತ್ತಿಲ್ಲ."

"ಹೇಗಿದೆ ಈಗ?"

ಅವಳು ತಡವರಿಸಿದಳು. "ಹೃದಯದ ತೊಂದರೆ ಇತ್ತಂತೆ ಅಕ್ಕ. ಉಳೀಲಿಲ್ಲ. ಅಪ್ಪ ಅಮ್ಮ ಇದನ್ನ ಕೊಟ್ಟು ಹೋದ್ರು."

ಸತ್ತ ಮಗುವಿನ ಕರುಳು ಸಕ್ಕರೆ ಕುಡಿದು ಹಸಿರಾಗಿ ಹೊಳೆಯುತ್ತಿತ್ತು. ಬದುಕಿದ ಮಗುವಿನ ಕರುಳು ಕತ್ತಲಲ್ಲಿತ್ತು, ಆ ಮಗು ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಆ ತಾಯಿಗೆ ಇದು ಗೊತ್ತಿದೆಯೇ? ತನ್ನ ಮಗುವಿನದೊಂದು ಚೂರು ಇನ್ನೂ ಊಟ ಮಾಡುತ್ತಿದೆ ಎಂದು? ನನ್ನ ಮಗನದು ಏನೂ ಉಳಿದಿರಲಿಲ್ಲ. ಒಂದು ಫೋಟೊ ಕೂಡ ತೆಗೆದಿರಲಿಲ್ಲ. ಅಂಥ ಒಂದು ತಟ್ಟೆ ನನಗೂ ಇರಬೇಕಿತ್ತು ಎಂದು ಆಸೆಯಾಯಿತು, ಆಸೆಯಾದ ಕೂಡಲೇ ಭಯವೂ ಆಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಅಜ್ಜಿ ಆ ತಟ್ಟೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಡಿದ್ದು ಮುಂದಿನ ಮಾವಿನ ಕಾಲದಲ್ಲಿ, ಯಲ್ದೂರಿನ ಕಡೆಯ ನನ್ನ ತವರಿನಲ್ಲಿ. ತಂಗಿಗೂ ಚಿಕ್ಕಮಾವನಿಗೂ ಒಪ್ಪಂದದ ಶಾಸ್ತ್ರ ಮಾಡಲು ಎಲ್ಲರೂ ಸೇರಿದ್ದೆವು. ಹಜಾರದಲ್ಲಿ ಹಿರಿಯರು ಕೂತಿದ್ದರು. ಅಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ಹೂವು ಜೋಡಿಸಿ ತಂದು ಅಜ್ಜಿಯ ಮುಂದಿಟ್ಟರು. ಅಜ್ಜಿ ಅದನ್ನು ಕೈಯಿಂದ ಹಿಂದಕ್ಕೆ ಸರಿಸಿದರು.

"ಬೇಡ. ಈ ಮದ್ವೆ ಬೇಡ."

ತಮಾಷೆ ಎಂದುಕೊಂಡು ಒಬ್ಬಿಬ್ಬರು ನಕ್ಕರು. ಅಜ್ಜಿಯ ಮುಖ ನೋಡಿ ನಗು ನಿಂತಿತು.

"ಏನವ್ವಾ ಇದು?" ಅಮ್ಮ ಕೇಳಿದರು. "ಇವಳು ಹುಟ್ಟಿದ ದಿನಾನೇ 'ನನ್ ಚಿಕ್ಕ ಮಗನಿಗೆ ಇವಳೇ' ಅಂದಿದ್ದು ನೀನೇ ಅಲ್ವಾ?"

"ಅಂದೆ. ಆವಾಗ ನಾನು ನೋಡಿರ್ಲಿಲ್ಲ. ಈವಾಗ ನೋಡಿದೀನಿ."

"ಏನ್ ನೋಡಿದೀಯಾ?"

"ಆ ಗಾಜಲ್ಲಿ. ಬೇರೆಯೋರ ಮಗೀದು ದೀಪ ಹತ್ತಿದಂಗೆ ಹತ್ಕೊಳ್ತು. ನಮ್ದು ಕತ್ಲು. ಆ ಕತ್ಲು ನಾನು ಕೂಡಿಸಿದ್ದು ಕಣೇ. ಒಬ್ಬನ್ನ ಮಣ್ಣಿಗಿಟ್ಟಾಯ್ತು. ಇನ್ನು ಸಾಕು."

ನಾನು ಎದ್ದು ನಿಂತು ಹೇಳಿದೆ. ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಬಹುದು, ಇಬ್ಬರಲ್ಲೂ ಆ ದೋಷ ಇದ್ದರೆ ಮಾತ್ರ ಭಯ, ಡಾಕ್ಟರಮ್ಮ ಹೇಳಿದ್ದಾರೆ, ಅಲ್ಲಿಯವರೆಗೆ ಕಾಯೋಣ ಎಂದೆ. ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. "ರಕ್ತ ಗಿಕ್ತ ಏನೂ ಬೇಡ," ಎಂದುಬಿಟ್ಟರು ಅಜ್ಜಿ. ಚಿಕ್ಕಮಾವ ಎದ್ದು ಹೊರಗೆ ಹೋದ. ಬೈಕಿನ ಸದ್ದು ದೂರವಾಯಿತು. ಅಡುಗೆಮನೆಯ ಬಾಗಿಲಲ್ಲಿ ಹೊಸ ಸೀರೆಯುಟ್ಟು ನಿಂತಿದ್ದ ತಂಗಿ ಬಾಗಿಲವಾಡವನ್ನು ಹಿಡಿದುಕೊಂಡು ಮೆಲ್ಲಗೆ ಕುಸಿದು ಕೂತಳು. ಅವಳು ಅವನನ್ನು ಎಷ್ಟು ಇಷ್ಟಪಟ್ಟಿದ್ದಳು ಎನ್ನುವುದು ನಮಗೆಲ್ಲ ಆಗಲೇ ಗೊತ್ತಾಗಿದ್ದು.

ಚಿಕ್ಕಮಾವ ಮಾಲೂರಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿಕೊಂಡ. ಹಬ್ಬಕ್ಕೂ ಬರಲಿಲ್ಲ. ತಂಗಿಗೆ ವಕ್ಕಲೇರಿ ಕಡೆ, ಯಾವ ನೆಂಟಸ್ತಿಕೆಯೂ ಇಲ್ಲದ ಮನೆಯಲ್ಲಿ ಮದುವೆಯಾಯಿತು. ಹುಡುಗ ಒಳ್ಳೆಯವನು. ಆದರೆ ಅವಳು ಅಜ್ಜಿಯ ಜೊತೆ ಮಾತು ಬಿಟ್ಟಳು. ನನ್ನ ಜೊತೆಯೂ ಬೇಕಾದಷ್ಟೇ.

ಮಾಲೂರಿನ ಸಂಶೋಧಕಿ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಿದ್ದಳು. ಬೇರೆ ಬೇರೆ ಔಷಧಿಗಳನ್ನು ತಟ್ಟೆಗಳಿಗೆ ಹಾಕಿ ನೋಡಿದರಂತೆ, ಯಾವುದಕ್ಕೂ ಬೆಳಕು ಬರಲಿಲ್ಲವಂತೆ. ಒಂದು ಸಂಜೆ ಮಾತ್ರ ಅವಳ ದನಿ ಬೇರೆಯಾಗಿತ್ತು. "ಅಕ್ಕ, ಒಂದು ತಟ್ಟೇಲಿ ಒಂಚೂರು ಕಾಣ್ತು. ತುಂಬ ಮಂಕಾಗಿ. ಇದು ಔಷಧಿ ಅಂತ ಅಂದ್ಕೋಬೇಡಿ, ಅದಕ್ಕೆ ಎಷ್ಟು ವರ್ಷವೋ ಗೊತ್ತಿಲ್ಲ. ಆದ್ರೂ ನಿಮಗೆ ಹೇಳದೆ ಇರೋಕಾಗ್ಲಿಲ್ಲ." ನಾನು ಒಲೆ ಆರಿಸಿ ಮಗಳನ್ನು ಹುಡುಕಿಕೊಂಡು ಹೊರಗೆ ಹೋದೆ. ಅವಳು ಅಂಗಳದಲ್ಲಿ ಕೋಳಿ ಅಟ್ಟುತ್ತಿದ್ದಳು. ತನ್ನ ಕರುಳು ಅಲ್ಲಿ ಮಿನುಗಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಈಗ ಅವಳು ಮುಳಬಾಗಿಲಿನಲ್ಲಿ ನಾನು ಪಾಠ ಮಾಡುವ ಶಾಲೆಗೇ ಬರುತ್ತಾಳೆ. ದೊಡ್ಡವಳಾದಂತೆ ಕರುಳು ತುಸು ತಾಳಿಕೊಳ್ಳುತ್ತಿದೆ, ಒಂದೆರಡು ತುತ್ತು ಅನ್ನ ಕೊಡಬಹುದು.

ತಂಗಿ ಬಸುರಿಯಾದಾಗ ಅವಳ ಡಾಕ್ಟರು ಮನೆತನದ ವಿಷಯ ಕೇಳಿ ರಕ್ತ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅವಳು ಫೋನ್ ಮಾಡಲಿಲ್ಲ, ಗಂಡನ ಜೊತೆ ನೇರವಾಗಿ ನಮ್ಮ ಮನೆಗೇ ಬಂದಳು. ಅಜ್ಜಿ ಜಗಲಿಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ತಂಗಿ ಚಪ್ಪಲಿಯನ್ನೂ ಬಿಡದೆ ಅವರ ಮುಂದೆ ನಿಂತಳು.

"ಅಜ್ಜಿ, ನನ್ನಲ್ಲಿ ಅದು ಇಲ್ವಂತೆ."

"ಏನಿಲ್ಲ?"

"ಆ ದೋಷ. ಅಕ್ಕನಿಗೆ ಬಂದಿದೆ, ನನಗೆ ಬಂದಿಲ್ಲ."

ಅಜ್ಜಿಯ ಕೈ ನಿಂತಿತು. ಅವರು ನನ್ನ ಕಡೆ ನೋಡಿದರು. ನನಗೂ ಆಗಲೇ ಗೊತ್ತಾಗಿದ್ದು. ಅಜ್ಜಿ ತಂಗಿಯ ಕಡೆ ತಿರುಗಿ ಕೇಳಿದರು.

"ಹಂಗಾದ್ರೆ... ಅವನ್ನ ಮಾಡ್ಕೊಂಡಿದ್ರೂ ಹಿಂಗಾಗ್ತಿರ್ಲಿಲ್ವಾ?"

"ಇಲ್ಲ ಅಜ್ಜಿ. ಆಗ್ತಿರ್ಲಿಲ್ಲ."

ತಂಗಿಯ ಗಂಡ ಅಂಗಳದಲ್ಲಿ ಕಾರಿನ ಪಕ್ಕ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ, ಅವನಿಗೆ ಇದು ಕೇಳಿಸಲಿಲ್ಲ. ತಂಗಿ ಜಗಳ ಆಡಲೆಂದೇ ಬಂದಿದ್ದಳು, ಅವಳ ಮುಖದಲ್ಲಿ ಅದು ಕಾಣುತ್ತಿತ್ತು. ಆದರೆ ಅಜ್ಜಿ ಬಿಳುಚಿಕೊಂಡಿದ್ದನ್ನು ನೋಡಿ ಪಕ್ಕದಲ್ಲಿ ಕೂತು ಅವರ ಬೆನ್ನಿಗೆ ಕೈ ಹಾಕಿದಳು. ನಾನು ಒಳಗಿನಿಂದ ನೀರು ತಂದೆ. ಅಜ್ಜಿ ಕುಡಿಯಲಿಲ್ಲ, ಲೋಟವನ್ನು ಹಿಡಿದುಕೊಂಡೇ ತಂಗಿಯ ಹೊಟ್ಟೆಯನ್ನು ನೋಡಿದರು.

"ಇದಕ್ಕೆ ಹಾಲು ಕುಡಿಸಬಹುದಾ ನೀನು?"

"ಕುಡಿಸಬಹುದು ಅಜ್ಜಿ."

ಮೊಮ್ಮಗನನ್ನು ಮಣ್ಣಿಗಿಟ್ಟ ದಿನವೂ ಅಳದಿದ್ದ ಅಜ್ಜಿ ಆಗ ಅತ್ತರು, ತಂಗಿಯ ಹೆಗಲಿಗೆ ಹಣೆ ಒತ್ತಿಕೊಂಡು, ಚಿಕ್ಕ ಮಗುವಿನ ಹಾಗೆ.